ಕ್ರೀ ಜನರ ಮಕ್ಕಳ ಚಿತ್ರಪುಸ್ತಕಗಳು

ಕೆನಡಾ ದೇಶದ ವಿನ್ನಿಪೆಗ್ ಪಟ್ಟಣದಲ್ಲಿ ನೆಲಸಿರುವ ನನ್ನ ಮಗಳು ಹೋದ ಬೇಸಗೆಯಲ್ಲಿ ತೌರಿಗೆ ಬಂದಾಗ, ಅವಳ ಏಳು ವರ್ಷದ ಮಗುವಿನ ಕೈಚೀಲದಲ್ಲಿ ನಾಲ್ಕೈದು ತೆಳುವಾದ ಚಿತ್ರಪುಸ್ತಕಗಳಿದ್ದುವು. ಒಂದೊಂದು ಪುಟಕ್ಕೆ ಕೆಲವೇ ಪಂಕ್ತಿಗಳ ಬರೆವಣಿಗೆ; ಉಳಿದುದೆಲ್ಲ ಚಿತ್ರ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಸುಭಾಷಿತಗಳನ್ನೂ ಕಂಠಪಾಠ ಮಾಡಿಸಿದ ನನಗೆ ಇಂಥ ಪುಸ್ತಕಗಳಲ್ಲಿ ಗೌರವ ಕಡಿಮೆ. ಊಟವಾದ ಮೇಲೆ ಮಗುವು ಅವುಗಳಲ್ಲೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟು ಓದೆಂದು ಹಟಹಿಡಿಯಿತು. ಓದುವುದಕ್ಕೆ ಕಾಲು ಗಂಟೆ ಸಾಕಾಯಿತು. ಅದು ಮನಸ್ಸನ್ನು ಬಿಡುವುದಕ್ಕೆ ಮೂರು ದಿನಗಳು ಸಾಲಲಿಲ್ಲ. ಆ ಪುಸ್ತಕಗಳು ಯಾವ ಜನರವು, ಅವುಗಳಲ್ಲಿ ಏನಿದೆ ಎಂಬುದನ್ನು ವಾಚಕರಿಗೆ, ಅದರಲ್ಲಿಯೂ ಮೊಮ್ಮಕ್ಕಳುಳ್ಳ ವಾಚಕರಿಗೆ, ತಿಳಿಸಬೇಕೆಂದು ಈ ಲೇಖನವನ್ನು ಬರೆಯಲು ಉದ್ಯುಕ್ತನಾಗಿದ್ದೇನೆ.

ಕೆನಡಾ ದೇಶದ ಮೂಲನಿವಾಸಿಗಳಲ್ಲಿ ಕ್ರೀ ಎಂಬವರು ಬಹು ದೊಡ್ಡ ಜನಾಂಗದವರು. ಪಶ್ಚಿಮದ ಆಲ್ಬರ್ಟಾ ಪ್ರಾಂತದಿಂದ ಹಿಡಿದು, ನಡುವಣ ಮ್ಯಾನಿಟೋಬಾವನ್ನು ಹಾದು, ಪೂರ್ವದಲ್ಲಿ ಜೇಮ್ಸ್ ಕೊಲ್ಲಿಯ ಆಚೆಗಿನ ಕ್ವಿಬೆಕ್ ಪ್ರಾಂತದವರೆಗೂ ಇವರ ಊರುಗಳು ಹಬ್ಬಿವೆ. ೨೦೨೧ನೆಯ ಇಸವಿಯ ಜನಗಣತಿಯ ಪ್ರಕಾರ ಇವರ ಭಾಷೆಯನ್ನು ಆಡಬಲ್ಲವರು ೮೬,೦೦೦ಕ್ಕೂ ಮೇಲ್ಪಟ್ಟಿದ್ದಾರೆ. ಅಷ್ಟು ವಿಶಾಲವಾದ ನೆಲದಲ್ಲಿ ಮಾತು ಒಂದೇ ತೆರನಾಗಿರುವುದೆಂತು? 'ನಾನು' ಎಂಬುದಕ್ಕೆ ಬಯಲುಸೀಮೆಯ ಕ್ರೀ ಜನರು 'ನಿಯ' ಎನ್ನುವರು. ಕಾಡುಸೀಮೆಯವರು 'ನೀಥ' ಎನ್ನುವರು. ಮೂಸ್ ನದಿಯ ಕಡೆಯವರು 'ನೀಲ' ಎನ್ನುವರು. ಜೌಗುನೆಲದವರು 'ನೀನ' ಎನ್ನುವರು. ಕನ್ನಡಿಗನ ಕಿವಿಗೆ ಈ ಕಡೆಯದು 'ನೀನು' ಎಂದು ಕೇಳಿಸಿ ತಬ್ಬಿಬ್ಬಾಗುವುದು ಸಹಜ. ನಮ್ಮ 'ಪಾಲು' 'ಹಾಲು' ಆದಂತೆ ಒಂದೇ ಮೂಲಧ್ವನಿಯು ನಾಲ್ಕು ಕಡೆ ನಾಲ್ಕು ವೇಷ ಹಾಕಿರುವುದೇ ಹೊರತು ಬೇರೇನೂ ಅಲ್ಲ.

ಮಗುವು ಮೊದಲು ತಂದ ಪುಸ್ತಕದ ಹೆಸರು 'ವೆನ್ ವಿ ವರ್ ಅಲೋನ್', ಎಂದರೆ 'ನಾವು ಮಾತ್ರವೇ ಇದ್ದಾಗ'. ಬರೆದವರು ಡೇವಿಡ್ ರಾಬರ್ಟ್‌ಸನ್, ಚಿತ್ರಿಸಿದವರು ಜೂಲಿ ಫ್ಲೆಟ್. ೨೦೧೬ರಲ್ಲಿ ವಿನ್ನಿಪೆಗ್ಗಿನಲ್ಲಿಯೇ ಪ್ರಕಟವಾಯಿತು. ಮರುವರ್ಷ ಆ ದೇಶದ ದೊಡ್ಡ ಸಾಹಿತ್ಯಗೌರವವಾದ ಗವರ್ನರ್ ಜನರಲ್ ಪಾರಿತೋಷಕವು ಇದಕ್ಕೆ ಸಂದಿತು. ಕಥೆ ಇಷ್ಟೆ. ಹುಡುಗಿಯೊಬ್ಬಳು ಅಜ್ಜಿಯೊಡನೆ ಹೂದೋಟದಲ್ಲಿ ಕೆಲಸಮಾಡುತ್ತ ಒಂದೊಂದೇ ಪ್ರಶ್ನೆಯನ್ನು ಕೇಳುತ್ತಾಳೆ. ನೀನೇಕೆ ಇಷ್ಟೊಂದು ಬಣ್ಣಬಣ್ಣದ ಬಟ್ಟೆ ಉಡುತ್ತೀಯೆ? ನಿನ್ನ ಕೂದಲೇಕೆ ಇಷ್ಟು ಉದ್ದ? ಕ್ರೀ ಮಾತನ್ನೇ ಏಕೆ ಆಡುತ್ತೀಯೆ? ನಿನ್ನ ತಮ್ಮನ ಸಂಗಡ ಏಕೆ ಅಷ್ಟು ಹೊತ್ತು ಇರುತ್ತೀಯೆ? ಅಜ್ಜಿಯು ಪ್ರತಿಯೊಂದಕ್ಕೂ ಶಾಂತವಾಗಿ ಉತ್ತರ ಹೇಳುತ್ತಾಳೆ. ತಾನು ಚಿಕ್ಕವಳಿದ್ದಾಗ ಮನೆಯಿಂದ ಬಹುದೂರದ ಒಂದು ಶಾಲೆಗೆ ಕಳುಹಿಸಲ್ಪಟ್ಟಳು. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಣ್ಣಗೆಟ್ಟ ಉಡುಪು, ಕೂದಲನ್ನು ಕತ್ತರಿಸಿಬಿಡುತ್ತಿದ್ದರು, ಮನೆಮಾತನ್ನು ಆಡಗೊಡುತ್ತಿರಲಿಲ್ಲ, ಅಕ್ಕತಮ್ಮಂದಿರನ್ನು ಬೇರೆ ಬೇರೆ ಇಡುತ್ತಿದ್ದರು. ಆದರೆ ಯಾರೂ ನೋಡದಿದ್ದಾಗ ಮಕ್ಕಳು ಏನು ಮಾಡುತ್ತಿದ್ದರು? ಎಲೆ ಉದುರುವ ಕಾಲದಲ್ಲಿ ಕೆಂಪು ಹಳದಿ ಎಲೆಗಳ ರಾಶಿಯನ್ನು ಮೈಮೇಲೆ ಸುರಿದುಕೊಂಡು ಮತ್ತೆ ಬಣ್ಣದವರಾಗುತ್ತಿದ್ದರು. ಉದ್ದವಾದ ಹುಲ್ಲಿನ ಎಸಳುಗಳನ್ನು ತಮ್ಮ ಮೋಟುಗೂದಲಿಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ಮೈದಾನದ ಮೂಲೆಯಲ್ಲಿ ಒಬ್ಬರ ಕಿವಿಯಲ್ಲೊಬ್ಬರು ಕ್ರೀ ಮಾತನ್ನು ಪಿಸುಗುಟ್ಟುತ್ತಿದ್ದರು, ಮರೆತುಹೋಗದಿರಲೆಂದು. ಅಕ್ಕನೂ ತಮ್ಮನೂ ಕಣ್ತಪ್ಪಿಸಿ ಹೋಗಿ ಕೈ ಹಿಡಿದುಕೊಳ್ಳುತ್ತಿದ್ದರು.

ಇಡೀ ಪುಸ್ತಕದಲ್ಲಿ ಒಂದು ಬೈಗುಳಿಲ್ಲ, ಒಂದು ಕಣ್ಣೀರಿನ ವರ್ಣನೆಯಿಲ್ಲ. ಆ ಶಾಲೆಯ ಹೆಸರೂ ಇಲ್ಲ, ಇಸವಿಯೂ ಇಲ್ಲ. ಮೊದಲ ಓದಿನಲ್ಲಿ ಇದು ಲೋಪವೆಂದೇ ನನಗೆ ತೋರಿತು. ಚರಿತ್ರೆಯ ಪಾಠಕ್ಕೆ ಇಸವಿಯಿಲ್ಲದಿದ್ದರೆ ಹೇಗೆ ಎಂದುಕೊಂಡೆ. ಆಮೇಲೆ ಆಲೋಚಿಸಿ ನೋಡಿದರೆ, ಏಳು ವರ್ಷದ ಮಗುವಿಗೆ ಇಸವಿಯಿಂದ ಏನೂ ಆಗಬೇಕಾಗಿಲ್ಲ. ಇಸವಿಯನ್ನು ಕೂಡಿಸಿ ಹೇಳಬೇಕಾದವರು ಪಕ್ಕದಲ್ಲಿ ಕುಳಿತ ದೊಡ್ಡವರು. ಆದಕಾರಣ ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ೧೮೮೦ರ ದಶಕದಿಂದ ಕೆನಡಾ ಸರ್ಕಾರವು ಕ್ರೈಸ್ತಸಂಘಗಳ ಕೈಯಿಂದ ಇಂಥ ವಸತಿಶಾಲೆಗಳನ್ನು ದೇಶದುದ್ದಕ್ಕೂ ನಡೆಸಿತು. ೧೯೨೦ರಲ್ಲಿ ಕಾಯಿದೆಯನ್ನು ತಿದ್ದಿ, ಮೂಲನಿವಾಸಿಗಳ ಮಕ್ಕಳು ಶಾಲೆಗೆ ಹೋಗಲೇಬೇಕೆಂದು ಕಡ್ಡಾಯಪಡಿಸಿತು. ಕಡೆಯ ಶಾಲೆಗಳು ಮುಚ್ಚಿದುದು ೧೯೯೦ರ ದಶಕದ ಉತ್ತರಾರ್ಧದಲ್ಲಿ. ಅಷ್ಟರೊಳಗೆ ನಾನಾ ಜನಾಂಗಗಳ ಸುಮಾರು ೧,೫೦,೦೦೦ ಮಕ್ಕಳು ಅವುಗಳ ಬಾಗಿಲನ್ನು ಹೊಕ್ಕಿದ್ದರು. ೨೦೦೮ನೆಯ ಜೂನ್ ೧೧ರಂದು ಆಗಿನ ಪ್ರಧಾನಮಂತ್ರಿಗಳಾದ ಸ್ಟೀಫನ್ ಹಾರ್ಪರ್ ಅವರು ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಕ್ಷಮೆ ಬೇಡಿದರು. ಸತ್ಯ ಮತ್ತು ಸಂಧಾನದ ಆಯೋಗವು ೨೦೧೫ರಲ್ಲಿ ತನ್ನ ವರದಿಯನ್ನು ಮುಗಿಸಿದಾಗ, ಆ ಶಾಲೆಗಳಲ್ಲಿ ತೀರಿಕೊಂಡ ೩,೦೦೦ಕ್ಕೂ ಮೀರಿದ ಮಕ್ಕಳ ಲೆಕ್ಕ ಸಿಕ್ಕಿತ್ತು. ಆಯೋಗದವರು ದೇಶದ ಮುಂದಿಟ್ಟ ೯೪ ಬೇಡಿಕೆಗಳಲ್ಲಿ, ಶಿಶುತರಗತಿಯಿಂದಲೇ ಮಕ್ಕಳಿಗೆ ಅವರವರ ವಯಸ್ಸಿಗೆ ತಕ್ಕಂತೆ ಈ ಸಂಗತಿಯನ್ನು ತಿಳಿಸಬೇಕೆಂಬುದೂ ಒಂದು. ಮೇಲಣ ಪುಸ್ತಕ ಆ ಕೆಲಸಕ್ಕಾಗಿಯೇ ಹುಟ್ಟಿದುದು.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಹತ್ತಿರದ ಲಂಬಾಣಿ ತಾಂಡಾದಿಂದ ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದರು. ಶಾಲೆಯ ಆವರಣದೊಳಗೆ ತಾಂಡಾದ ಮಾತು ಕೂಡದೆಂದು ನಾನೇ ಒಂದು ನಿಯಮವನ್ನು ಮಾಡಿದ್ದೆ. ಕನ್ನಡ ಬೇಗನೆ ಬರಲೆಂಬ ಸದುದ್ದೇಶ ನನ್ನದು. ಮಾತನಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಬ್ಬರು ಅಕ್ಕತಂಗಿಯರು ಬಿಡುವಿನ ವೇಳೆಯಲ್ಲಿ ಹುಣಿಸೆಮರದ ಹಿಂದೆ ನಿಂತು ಏನೋ ಪಿಸುಗುಟ್ಟುತ್ತಿದ್ದುದನ್ನು ಕಂಡು, ಕಳ್ಳತನವೆಂದು ಗದರಿಸಿದ್ದುಂಟು. ಅದು ಸಾಲದೆಂಬಂತೆ, ಕಿರಿಯವಳ ಹೆಸರು ಅಪಭ್ರಂಶವಾಗಿ ಕಂಡಿದ್ದರಿಂದ ಹಾಜರಿ ಪುಸ್ತಕದಲ್ಲಿ ಅದನ್ನು ತಿದ್ದಿ ಶುದ್ಧ ಸಂಸ್ಕೃತದ ಹೆಸರೊಂದನ್ನು ಬರೆದೆ. ಆಕೆಯ ತಂದೆ ಬಂದು ಕೈಮುಗಿದು ಹಾಗೆಯೇ ಆಗಲೆಂದು ಹೋದ. ನಾನು ಬರೆದ ಹೆಸರು ಈಗಲೂ ನೆನಪಿದೆ. ತಾಯಿತಂದೆಯರು ಇಟ್ಟ ಹೆಸರು ನೆನಪಿಲ್ಲ. ಸಂಜೆಯಾದರೆ ಆ ಮಕ್ಕಳು ತಮ್ಮ ತಾಯಿಯ ಒಲೆಯ ಬಳಿಗೆ ಹಿಂದಿರುಗುತ್ತಿದ್ದರು. ಕ್ರೀ ಮಕ್ಕಳ ಪಾಡಿಗೂ ಇದಕ್ಕೂ ಸಾಟಿಯಿಲ್ಲವೆಂದು ನಾನು ಬಲ್ಲೆ. ಆದರೂ ಪಿಸುಮಾತಿನ ಆ ಪುಟವನ್ನು ಮೊಮ್ಮಗಳಿಗೆ ಗಟ್ಟಿಯಾಗಿ ಓದುವಾಗ ನನ್ನ ಧ್ವನಿ ಇಳಿಯಿತು.

ಪ್ರಕೃತಕ್ಕೆ ಬರೋಣ. ರಾಬರ್ಟ್‌ಸನ್ನರ ತಂದೆಯವರು ವಿನ್ನಿಪೆಗ್ ಸರೋವರದ ಉತ್ತರಕ್ಕಿರುವ ನಾರ್ವೇ ಹೌಸ್ ಎಂಬ ಊರಿನ ಕ್ರೀ ಜನರು. ತಾಯಿ ಬಿಳಿಯರ ಸಂತತಿಯವರು. ಮಗನು ಪಟ್ಟಣದಲ್ಲಿ ಬೆಳೆದನು. ತಂದೆಯ ಮನೆಮಾತು ಅವನಿಗೆ ಬರಲಿಲ್ಲ, ತಾನು ಕ್ರೀ ಜನಾಂಗದವನೆಂಬ ಅರಿವೂ ಬಾಲ್ಯದಲ್ಲಿ ಸರಿಯಾಗಿ ಇರಲಿಲ್ಲ. ದೊಡ್ಡವನಾದ ಮೇಲೆ ವೃದ್ಧನಾದ ತಂದೆಯೊಡನೆ, ಆತ ಹುಡುಗನಾಗಿದ್ದಾಗ ಕುಟುಂಬಸಮೇತ ಬೇಟೆಯಾಡಿ ಬದುಕಿದ ಕಾಡಿಗೆ ಹೋಗಿಬಂದನು. ಆ ಯಾತ್ರೆಯನ್ನು ೨೦೨೦ರ 'ಬ್ಲ್ಯಾಕ್ ವಾಟರ್' ಎಂಬ ಆತ್ಮಕಥೆಯಲ್ಲಿ ದೊಡ್ಡವರಿಗಾಗಿ ಬರೆದಿದ್ದಾರೆ. ಅದೇ ವಸ್ತುವನ್ನು ೨೦೨೧ರ 'ಆನ್ ದಿ ಟ್ರ್ಯಾಪ್‌ಲೈನ್' ಎಂಬ ಚಿತ್ರಪುಸ್ತಕದಲ್ಲಿ ಮಕ್ಕಳಿಗಾಗಿ ಹೇಳಿದ್ದಾರೆ. ಇದಕ್ಕೂ ಚಿತ್ರ ಜೂಲಿ ಫ್ಲೆಟ್ ಅವರದೇ. ಇದಕ್ಕೂ ಅದೇ ಪಾರಿತೋಷಕ ಬಂದಿತು. ತಂದೆ ಮಾತ್ರ ಅದನ್ನು ಅಚ್ಚಿನಲ್ಲಿ ಕಾಣಲಿಲ್ಲ, ೨೦೧೯ರಲ್ಲಿಯೇ ತೀರಿಕೊಂಡಿದ್ದರು.

ಟ್ರ್ಯಾಪ್‌ಲೈನ್ ಎಂದರೆ ತುಪ್ಪುಳಿನ ಪ್ರಾಣಿಗಳನ್ನು ಹಿಡಿಯಲು ಕಾಡಿನಲ್ಲಿ ಬೋನುಗಳನ್ನು ಒಡ್ಡುತ್ತ ಹೋಗುವ ದಾರಿ. ಒಂದೊಂದು ಕುಟುಂಬಕ್ಕೆ ಒಂದೊಂದು. ನಮ್ಮಲ್ಲಿ ಪಿತ್ರಾರ್ಜಿತವಾದ ಗದ್ದೆಯ ಬಯಲು ಹೇಗೋ ಹಾಗೆ. ಪುಸ್ತಕದಲ್ಲಿ ಹುಡುಗನು ಅಜ್ಜನೊಡನೆ ವಿಮಾನದಲ್ಲಿಯೂ ದೋಣಿಯಲ್ಲಿಯೂ ಉತ್ತರಕ್ಕೆ ಪಯಣಮಾಡುತ್ತ, ಅಲ್ಲಲ್ಲಿ ನಿಂತು, ಇದೇನೋ ನಿನ್ನ ಬೋನುದಾರಿ ಎಂದು ಕೇಳುತ್ತಾನೆ. ಇದಲ್ಲ, ಇನ್ನೂ ಮುಂದೆ ಎಂಬುದೇ ಅಜ್ಜನ ಉತ್ತರ. ಎಲ್ಲರೂ ಒಂದೇ ದೊಡ್ಡ ಗುಡಾರದಲ್ಲಿ ಮಲಗುತ್ತಿದ್ದ ಕಾಲವನ್ನು ಆತ ನೆನೆಯುತ್ತಾನೆ. ಪುಟಗಳ ಕೆಳಗೆ ಜೌಗುನೆಲದ ಕ್ರೀ ಭಾಷೆಯ ಒಂದೊಂದು ಪದವನ್ನೂ ಅದರ ಅರ್ಥವನ್ನೂ ಕೊಟ್ಟಿದೆ. ಕಥೆ ಮುಗಿಯುವಷ್ಟರಲ್ಲಿ ಒಂದು ಪುಟ್ಟ ಪದಕೋಶವೇ ಮಗುವಿನ ನಾಲಗೆಯ ಮೇಲಿರುತ್ತದೆ. ಅಮರಕೋಶವನ್ನು ಬೆತ್ತದ ಭಯದಿಂದ ಕಲಿತ ನನಗೆ ಈ ಉಪಾಯವನ್ನು ಕಂಡು ಸ್ವಲ್ಪ ಅಸೂಯೆಯಾಯಿತು.

ಮೂರನೆಯ ಪುಸ್ತಕ ಮೆಲನಿ ಫ್ಲಾರೆನ್ಸ್ ಅವರ 'ಸ್ಟೋಲನ್ ವರ್ಡ್ಸ್', ಎಂದರೆ 'ಕದ್ದೊಯ್ದ ಮಾತುಗಳು', ೨೦೧೭ರಲ್ಲಿ ಬಂದುದು, ಚಿತ್ರಗಳು ಗಾಬ್ರಿಯೆಲ್ ಗ್ರಿಮಾರ್ ಅವರವು. ಏಳು ವರ್ಷದ ಹುಡುಗಿ ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ, ಅಜ್ಜ ಎಂಬುದಕ್ಕೆ ಕ್ರೀ ಭಾಷೆಯಲ್ಲಿ ಏನೆನ್ನುತ್ತಾರೆಂದು ತನ್ನ ಅಜ್ಜನನ್ನೇ ಕೇಳುತ್ತಾಳೆ. ಆತನಿಗೆ ನೆನಪಿಲ್ಲ. ಮಾತುಗಳನ್ನು ತನ್ನಿಂದ ಕಿತ್ತುಕೊಂಡ ಬಗೆಯನ್ನು ಹೇಳುತ್ತಾನೆ. ಕೆಲವು ದಿನಗಳಾದ ಮೇಲೆ ಹುಡುಗಿಯು ಶಾಲೆಯಿಂದ ಕ್ರೀ ಭಾಷೆಯನ್ನು ಕಲಿಸುವ ಒಂದು ಹಳೆಯ ಪುಸ್ತಕವನ್ನು ತಂದು ಅಜ್ಜನ ಕೈಯಲ್ಲಿಡುತ್ತಾಳೆ. ಶಾಲೆ ಕಿತ್ತುಕೊಂಡುದನ್ನು ಶಾಲೆಯಿಂದಲೇ ಮರಳಿ ತಂದಳೆಂಬುದನ್ನು ವಾಚಕರು ಗಮನಿಸಬೇಕು. ತಂದೆತಾಯಿಗಳು ಈ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಎಳೆ ಕಡಿದುಹೋದದ್ದು ನಡುವಣ ತಲೆಮಾರಿನಲ್ಲಿ. ಆದ್ದರಿಂದ ಗಂಟುಹಾಕಬೇಕಾದವರು ಮೊಮ್ಮಗು ಮತ್ತು ಅಜ್ಜ ಅಜ್ಜಿಯರು.

ಆ ಹುಡುಗಿ ಕೇಳಿದ ಪದದ ವಿಷಯವನ್ನು ಸ್ವಲ್ಪ ವಿಸ್ತರಿಸಲು ವಾಚಕರ ಅಪ್ಪಣೆ ಬೇಡುತ್ತೇನೆ. ವ್ಯಾಕರಣದ ಚಪಲ ಮುದಿತನದಲ್ಲಿಯೂ ಬಿಡದು. ಕ್ರೀ ಭಾಷೆಯಲ್ಲಿ ಬರಿಯ 'ಅಜ್ಜಿ' ಎಂಬ ಪದವೇ ಇಲ್ಲ. 'ನೋಹ್ಕೋಮ್' ಎಂದರೆ ನನ್ನ ಅಜ್ಜಿ. 'ಕೋಹ್ಕೋಮ್' ಎಂದರೆ ನಿನ್ನ ಅಜ್ಜಿ. ಹಾಗೆಯೇ 'ನಿಮೊಸೋಮ್' ನನ್ನ ಅಜ್ಜ, 'ಕಿಮೊಸೋಮ್' ನಿನ್ನ ಅಜ್ಜ. ಯಾರ ಅಜ್ಜಿ ಎಂಬುದನ್ನು ಹೇಳದೆ ಅಜ್ಜಿ ಎನ್ನುವುದಕ್ಕೆ ಬರುವುದೇ ಇಲ್ಲ. ನಮ್ಮ ಹೆಂಗಸರು ಒಬ್ಬಳೇ ಮೊಮ್ಮಗಳಾದರೂ 'ನಮ್ಮಜ್ಜಿ' ಎನ್ನುವರಷ್ಟೆ. ನಮ್ಮಲ್ಲಿ ವಾಡಿಕೆಯಾಗಿರುವುದು ಅವರಲ್ಲಿ ವ್ಯಾಕರಣದ ವಿಧಿಯೇ ಆಗಿದೆ. ಕೆನಡಾ ದೇಶದಲ್ಲಿ ಇಂಗ್ಲಿಷ್ ಮಾತನಾಡುವ ಕ್ರೀ ಮಕ್ಕಳು ಅಜ್ಜಿಯನ್ನು 'ಕೋಕುಂ' ಎಂದು ಕೂಗುವುದುಂಟು. ಮೂಲಾರ್ಥವನ್ನು ಹಿಡಿದರೆ ಅದು 'ನಿನ್ನ ಅಜ್ಜಿ' ಎಂದು ಕೂಗಿದಂತಾಯಿತು! ತಾಯಿಯು ಮಗುವಿಗೆ 'ನಿನ್ನ ಅಜ್ಜಿಯ ಬಳಿಗೆ ಹೋಗು' ಎಂದು ಹೇಳಿ ಹೇಳಿ ಆ ರೂಪವೇ ನಿಂತಿರಬೇಕೆಂದು ನನ್ನ ಊಹೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ಇನ್ನೊಂದಿದೆ. ತಾಯಿಯ ಸೋದರನಿಗೂ ಮಾವನಿಗೂ, ಎಂದರೆ ಹೆಂಡತಿಯ ಅಥವಾ ಗಂಡನ ತಂದೆಗೂ, ಬಯಲುಸೀಮೆಯ ಕ್ರೀ ಜನರಲ್ಲಿ ಒಂದೇ ಪದ, 'ನಿಸಿಸ್'. ತಂದೆಯ ಸೋದರಿಗೂ ಅತ್ತೆಗೂ ಒಂದೇ ಪದ, 'ನಿಸಿಕೊಸ್'. ಕನ್ನಡದ ಮಾವ, ಅತ್ತೆ ಎಂಬ ಪದಗಳ ನಡೆಯೂ ಇದೇ ಅಲ್ಲವೆ? 'ನಿಕಾವಿಯ್' ನನ್ನ ತಾಯಿ. ಅದಕ್ಕೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿ 'ನಿಕಾವೀಸ್' ಆದರೆ ತಾಯಿಯ ತಂಗಿ ಅಥವಾ ಅಕ್ಕ. 'ನೋಹ್ತಾವಿಯ್' ನನ್ನ ತಂದೆ. 'ನೋಹ್ಚಾವೀಸ್' ತಂದೆಯ ಸೋದರ. ಚಿಕ್ಕಮ್ಮ, ಚಿಕ್ಕಪ್ಪ ಎಂದು ಅಕ್ಷರಶಃ ಭಾಷಾಂತರಿಸಬಹುದು. ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ ಎಂಬ ಪಂಡಿತನು ೧೮೭೧ರಲ್ಲಿ ಪ್ರಕಟಿಸಿದ ಬಂಧುತ್ವದ ಬೃಹದ್ಗ್ರಂಥದಲ್ಲಿ ಕನ್ನಡ, ತಮಿಳು, ತೆಲುಗುಗಳ ಸಂಬಂಧವಾಚಕಗಳೂ ಕ್ರೀ ಮುಂತಾದ ಜನರ ಸಂಬಂಧವಾಚಕಗಳೂ ಪಟ್ಟಿಯಾಗಿವೆ. ಈ ಹೋಲಿಕೆಯಿಂದ ಆತನು ಆ ಜನರು ಏಷ್ಯಾಖಂಡದಿಂದ ವಲಸೆ ಹೋದರೆಂದು ಸಾಧಿಸಹೊರಟನು; ಬಂಧುವಾಚಕಗಳ ಸಾಮ್ಯದಿಂದ ಅಂಥ ತೀರ್ಮಾನಕ್ಕೆ ಬರುವುದನ್ನು ಅನಂತರದ ವಿದ್ವಾಂಸರು ಒಪ್ಪಲಿಲ್ಲ. ಒಪ್ಪದಿದ್ದರೇನು? ಇಂಗ್ಲಿಷಿನ 'ಅಂಕಲ್' ಎಂಬ ಒಂದೇ ಗೋಣಿಚೀಲದಲ್ಲಿ ಮಾವ, ಚಿಕ್ಕಪ್ಪ, ದೊಡ್ಡಪ್ಪಂದಿರನ್ನೆಲ್ಲ ತುಂಬಿದಾಗ ಕ್ರೀ ಮನೆಯಲ್ಲಿ ಏನು ಕಳೆದುಹೋಯಿತೆಂಬುದು ಇಂಗ್ಲಿಷರಿಗಿಂತ ನಮಗೆ ಬೇಗ ತಿಳಿಯುತ್ತದೆ.

ಇನ್ನು ಕಲ್ಲನ್ನು ಆ ಭಾಷೆಯಲ್ಲಿ ಸಜೀವವೆಂದು ಎಣಿಸುವರು. ಬಹುವಚನದ ಪ್ರತ್ಯಯವೂ ಸಜೀವಗಳಿಗೆ ಹತ್ತುವುದೇ ಹತ್ತುತ್ತದೆ. ಇದನ್ನು ಕೇಳಿ ನಗತಕ್ಕವರು, ಹೆಂಡತಿ ಎಂಬರ್ಥದ 'ದಾರಾಃ' ಶಬ್ದವು ಪುಲ್ಲಿಂಗವೆಂದೂ 'ಕಲತ್ರಂ' ನಪುಂಸಕವೆಂದೂ ವಿಧಿಸಿದ ನಮ್ಮ ವೈಯಾಕರಣರನ್ನು ಒಮ್ಮೆ ನೆನೆಯಲಿ.

ಮಗುವಿನ ಚೀಲದಲ್ಲಿದ್ದ ಪುಸ್ತಕಗಳಲ್ಲಿ ಕ್ರೀ ಮಾತನ್ನು ರೋಮನ್ ಅಕ್ಷರದಲ್ಲಿಯೇ ಅಚ್ಚುಮಾಡಿದೆ. ಅವರದೇ ಆದ ಲಿಪಿಯೂ ಉಂಟು, ಅದರ ಕಥೆ ನಾರ್ವೇ ಹೌಸಿಗೇ ಸಂಬಂಧಿಸಿದುದು. ೧೮೪೦ರಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿಯು ಅಲ್ಲಿ ಒಂದು ಅಕ್ಷರಮಾಲೆಯನ್ನು ಅಚ್ಚಿಗಿಳಿಸಿದನು. ಅದರಲ್ಲಿ ಆಕೃತಿಯು ವ್ಯಂಜನವನ್ನು ಸೂಚಿಸಿದರೆ ಅದನ್ನು ತಿರುಗಿಸಿಟ್ಟ ದಿಕ್ಕು ಸ್ವರವನ್ನು ಸೂಚಿಸುತ್ತದೆ: ಗೂಟದಂಥ ಕೋನಾಕೃತಿ ಮೇಲ್ಮುಖವಾದರೆ 'ಪಿ', ಕೆಳಮುಖವಾದರೆ 'ಪೇ', ಬಲಕ್ಕೆ ತಿರುಗಿದರೆ 'ಪೊ', ಎಡಕ್ಕೆ ತಿರುಗಿದರೆ 'ಪ'. ನಮ್ಮ ಕಾಗುಣಿತವನ್ನೇ ಗಡಿಯಾರದ ಮುಳ್ಳಿನಂತೆ ಸುತ್ತಿಸಿದಂತಿದೆ. ಪಿಟ್ಮನ್ನನ ಶೀಘ್ರಲಿಪಿಯ ಜೊತೆಗೆ ನಮ್ಮ ದೇವನಾಗರಿಯೂ ಆತನಿಗೆ ಪ್ರೇರಣೆಯಾಗಿತ್ತೆಂದು ಕೆಲವು ವಿದ್ವಾಂಸರ ಮತ. ಕ್ರೀ ಹಿರಿಯರಲ್ಲಿ ಹಲವರು ಬೇರೆಯದೇ ಐತಿಹ್ಯವನ್ನು ಹೇಳುವರು: ತಮ್ಮವನೇ ಆದ ಮಿಸ್ತನಸ್ಕೋವೇವ್ ಎಂಬಾತನಿಗೆ ಈ ಅಕ್ಷರಗಳು ದೇವಲೋಕದಿಂದ ದೊರೆತವಂತೆ. ಅದು ಹೇಗಾದರೂ ಇರಲಿ, ಆ ಲಿಪಿಯು ಒಬ್ಬರಿಂದೊಬ್ಬರಿಗೆ ಬೆಂಕಿಯಂತೆ ಹಬ್ಬಿತೆಂಬುದು ನಿಶ್ಚಯ.

ದುಃಖದ ಪುಸ್ತಕಗಳೇ ಎಲ್ಲವೂ ಎಂದು ವಾಚಕರು ತಿಳಿಯಬಾರದು. ನಾಟಕಕಾರರೆಂದು ಪ್ರಸಿದ್ಧರಾದ ಟಾಮ್ಸನ್ ಹೈವೇ ಅವರು ೧೯೫೧ರಲ್ಲಿ ಮ್ಯಾನಿಟೋಬಾದ ಉತ್ತರದ ತುದಿಯಲ್ಲಿ ಹುಟ್ಟಿದವರು. ವಸತಿಶಾಲೆಗೆ ಹೋದವರೇ ಆದರೂ ಮನೆಮಾತನ್ನು ಬಿಟ್ಟವರಲ್ಲ. ಜೋ, ಕೋಡಿ ಎಂಬ ಇಬ್ಬರು ಅಣ್ಣತಮ್ಮಂದಿರನ್ನು ಕುರಿತು ಅವರು ಬರೆದ 'ಕ್ಯಾರಿಬೂ ಸಾಂಗ್', 'ಡ್ರ್ಯಾಗನ್‌ಫ್ಲೈ ಕೈಟ್ಸ್', 'ಫಾಕ್ಸ್ ಆನ್ ದಿ ಐಸ್' ಎಂಬ ಮೂರು ಪುಸ್ತಕಗಳು ೨೦೦೧ರಿಂದ ೨೦೦೩ರೊಳಗೆ ಹೊರಬಂದುವು. ಇವುಗಳಲ್ಲಿ ಕ್ರೀಯೂ ಇಂಗ್ಲಿಷೂ ಜೊತೆಜೊತೆಯಾಗಿವೆ. ಮೊದಲನೆಯದರಲ್ಲಿ ಅಣ್ಣನು ಅಕಾರ್ಡಿಯನ್ ನುಡಿಸಿ ತಮ್ಮನು ಕುಣಿಯುತ್ತಿರುವಾಗ ಸಾವಿರಾರು ಕಾಡುಸಾರಂಗಗಳ ಮಂದೆ ನುಗ್ಗಿಬಂದು ಹುಡುಗರನ್ನು ಸುತ್ತುವರಿಯುತ್ತದೆ. ಎರಡನೆಯದರಲ್ಲಿ ಅಮ್ಮನ ಹೊಲಿಗೆಯ ಬುಟ್ಟಿಯಿಂದ ದಾರವನ್ನು ಕದ್ದು, ನಮ್ಮ ಹುಡುಗರು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹುಳುವಿನ ನಡುವಿಗೆ ಕಟ್ಟಿ, ಗಾಳಿಪಟದಂತೆ ಹಾರಿಬಿಟ್ಟು ಹಿಂದೆ ಓಡುತ್ತಾರೆ. ಈ ಪಾಪಕಾರ್ಯವನ್ನು ನಾನೂ ನಮ್ಮೂರ ಕೆರೆಯ ಏರಿಯ ಮೇಲೆ ಮಾಡಿದವನೇ. ಭೂಮಿಯ ಆ ಬದಿಯಲ್ಲಿಯೂ ಹುಡುಗರ ಬುದ್ಧಿ ಹೀಗೆಯೇ ಓಡುತ್ತದೆಂದು ತಿಳಿದು ನಕ್ಕೆ. ಮೊಮ್ಮಗಳು ಮಾತ್ರ, ಹುಳುವಿಗೆ ನೋವಾಗುವುದಿಲ್ಲವೆ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು.

ಗೃಹಿಣಿಯರಿಗೆ ಪ್ರಿಯವಾಗಬಹುದಾದುದು ಜೂಲಿ ಫ್ಲೆಟ್ ಅವರೇ ಬರೆದು ಚಿತ್ರಿಸಿದ 'ವೈಲ್ಡ್ ಬೆರ್ರೀಸ್', ೨೦೧೩ರದು. ಹುಡುಗನು ಅಜ್ಜಿಯೊಡನೆ ಕಾಡಿಗೆ ಹೋಗಿ ನೀಲಿಯ ಬೆರ್ರಿಹಣ್ಣುಗಳನ್ನು ಬಿಡಿಸಿ, ಹಕ್ಕಿಗಳಿಗೆಂದು ಒಂದಿಷ್ಟನ್ನು ಬಿಟ್ಟು ಮನೆಗೆ ಬರುತ್ತಾನೆ. ಕಥೆ ಅಷ್ಟೇ. ಕಡೆಯಲ್ಲಿ ಆ ಹಣ್ಣಿನ ಜಾಮ್ ಮಾಡುವ ಕ್ರಮವನ್ನೂ ಕೊಟ್ಟಿದೆ. ಚಿತ್ರಗಳು ನಮ್ಮ ಕ್ಯಾಲೆಂಡರುಗಳಂತೆ ಬಣ್ಣದಿಂದ ಕಿಕ್ಕಿರಿದಿಲ್ಲ; ಬಹುಭಾಗ ಖಾಲಿ ಆಕಾಶ, ಖಾಲಿ ಹಿಮ, ಅದರ ನಡುವೆ ಒಂದು ಕೆಂಪು ಪಾವಡೆ ಅಥವಾ ಒಂದು ಕಪ್ಪು ಹಕ್ಕಿ. ನನಗೆ ಮೊದಲು ಬಡತನವಾಗಿ ಕಂಡಿತು. ನನ್ನ ಮನೆಯಾಕೆಯು ನೋಡಿ, ರಂಗೋಲಿಯಲ್ಲಿ ಬಿಟ್ಟ ಜಾಗವೂ ರಂಗೋಲಿಯೇ ಅಲ್ಲವೆ ಎಂದಳು, ನಾನು ಸುಮ್ಮನಾದೆ.

ಆಕ್ಷೇಪಣೆಗಳೂ ನನಗೆ ಇಲ್ಲದಿಲ್ಲ. ಉಚ್ಚಾರಣೆಯ ವಿಷಯದಲ್ಲಿ ಕೆಲವು ಪುಸ್ತಕಗಳು ತೀರ ಕೃಪಣವಾಗಿವೆ. ಒಂದೇ ಪದವು ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಕಾಗುಣಿತದಲ್ಲಿ ಬರುವುದರಿಂದ ಹೊರಗಿನವನಿಗೆ ತೊಡಕಾಗುತ್ತದೆ. ಒಂದೊಂದು ಭೂಪಟವನ್ನಾ‌ದರೂ ಸೇರಿಸಬಹುದಾಗಿತ್ತು. ಇಷ್ಟು ಎಳೆಯ ಮಕ್ಕಳಿಗೆ ಇಂಥ ಕ್ರೌರ್ಯವನ್ನು ತಿಳಿಸಬಹುದೇ ಎಂದು ಕೇಳುವವರಿಗೆ ನಾನು ಇಷ್ಟು ಮಾತ್ರ ಹೇಳಬಲ್ಲೆ: ನನ್ನ ಮೊಮ್ಮಗಳು ಹೆದರಲಿಲ್ಲ. ಎಲೆಗಳ ರಾಶಿಯ ಪುಟವನ್ನು ಮೂರು ಸಲ ಓದಿಸಿಕೊಂಡು, ಮಾರನೆಯ ಬೆಳಗ್ಗೆ ಹಿತ್ತಲಿನ ಬಾದಾಮಿಯ ಮರದ ಕೆಂಪೆಲೆಗಳನ್ನೆಲ್ಲ ಗುಡ್ಡೆಹಾಕಿ ತನ್ನ ಅಜ್ಜಿಯ ಮಡಿಲಿಗೆ ಸುರಿದಳು.

ಹೊರಡುವ ಹಿಂದಿನ ದಿನ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತ ಅವಳು ಒಂದು ಪ್ರಶ್ನೆ ಕೇಳಿದಳು. ಹುಣಿಸೆಮರದ ಹಿಂದೆ ನಿಂತಿದ್ದ ಆ ಅಕ್ಕತಂಗಿಯರ ಸಂಗತಿಯನ್ನು ನಾನು ಅವಳಿಗೆ ಹೇಳಿಬಿಟ್ಟಿದ್ದೆ. "ತಾತ, ಅವರು ತಮ್ಮ ಅಜ್ಜಿಯನ್ನು ಏನೆಂದು ಕರೆಯುತ್ತಿದ್ದರು?" ಎಂದಳು. ನಾನು ಆ ಊರಿನಲ್ಲಿ ಆರು ವರ್ಷ ಇದ್ದವನು. ಅಮರಕೋಶದಲ್ಲಿ ಪಿತಾಮಹನಿಗೂ ಮಾತಾಮಹನಿಗೂ ಇರುವ ಶ್ಲೋಕವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆ ತಾಂಡಾದವರೊಬ್ಬರು ಈಗ ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಕೇಳಿ ತಿಳಿದು ಪತ್ರ ಬರೆಯುತ್ತೇನೆಂದು ಮಗುವಿಗೆ ಮಾತು ಕೊಟ್ಟಿದ್ದೇನೆ.